ಚಾರ್ಟಿನಲ್ಲಿ ಅಜ್ಜಿ ಇರಲಿಲ್ಲ

ಆ ಲಾರಿಯ ಮುಂದೆ ಒಂದು ನಿಂಬೆಹಣ್ಣು, ಅದರ ಜೊತೆಗೆ ಹಸಿಮೆಣಸಿನಕಾಯಿ ಕಟ್ಟಿದ್ದರು. ಮೆಣಸಿನಕಾಯಿ ಏಳು. ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ ಎಂದರೆ ಅದು ನನ್ನ ಮುಖಕ್ಕೆ ಎಷ್ಟು ಹತ್ತಿರ ಬಂದು ನಿಂತಿತ್ತು ಎಂದು ನೀವೇ ಊಹಿಸಿಕೊಳ್ಳಿ. ಎಂಟು ತಿಂಗಳಾಯಿತು. ಈಗಲೂ ದಿನಕ್ಕೆ ನಾಲ್ಕೈದು ಸಲ ಆ ಲಾರಿ ನನ್ನ ಮುಂದೆ ಬಂದು ನಿಲ್ಲುತ್ತದೆ. ಕೆಲವು ಸಲ ನಿಲ್ಲುವುದೂ ಇಲ್ಲ.

ಲಾರಿಯ ಮುಂದೆ ನಾನು ಹೋಗಿ ನಿಂತದ್ದು ನಮ್ಮ ಚಿಕ್ಕಮ್ಮನಿಂದ. ಚಿಕ್ಕಮ್ಮ ಅಲ್ಲಿಗೆ ಹೋಗಿದ್ದು ನಮ್ಮ ಅಜ್ಜಿ ಕರೆದಳೆಂದು. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ವಯಸ್ಸು ನಲವತ್ತಾರು, ಮದುವೆಯಾಗಿಲ್ಲ, ಹೊಸೂರಿನ ಹತ್ತಿರ ತೊರಪಲ್ಲಿ ಅಗ್ರಹಾರದಿಂದ ಆಚೆ ನಮ್ಮೂರಿನಲ್ಲಿ ನಮ್ಮ ಜೊತೆಯಲ್ಲೇ ಇರುವವಳು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಲಾಬಿ ತೋಟದಲ್ಲಿ ಹೂ ಕತ್ತರಿಸುವ ಕೆಲಸ. ಎಷ್ಟು ಅರಳಿದಾಗ ಕತ್ತರಿಸಿದರೆ ಹೂವು ವಿಮಾನದಲ್ಲಿ ಹೋಗಿ ಇಳಿಯುವ ಹೊತ್ತಿಗೆ ಸರಿಯಾಗಿ ಅರಳುತ್ತದೆ ಎಂಬುದನ್ನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದಳು. ಅಂಥವಳು ಒಂದು ಬೆಳಿಗ್ಗೆ ಒಂದಿಡೀ ಸಾಲನ್ನು, ಅವರೆಕಾಳಿನಷ್ಟಿದ್ದ ಮೊಗ್ಗನ್ನೂ ಬಿಡದೆ ಕತ್ತರಿಸಿ ಹಾಕಿದಳು. ಮೇಸ್ತ್ರಿ ಓಡಿ ಬಂದು ಕೇಳಿದರೆ, "ತಾಲೂಕಾಫೀಸಿನಿಂದ ಆರ್ಡರಾಗೈತೆ. ಮೈಕಲ್ಲಿ ಹೇಳ್ತಾವ್ರೆ, ಕೇಳುಸ್ತಿಲ್ವಾ ನಿಮ್ಗೆ?" ಎಂದಳಂತೆ. ಮೇಸ್ತ್ರಿ ಪಾಪ, ಎರಡು ನಿಮಿಷ ಕಿವಿಗೊಟ್ಟು ಕೇಳಿ, ಆಮೇಲೆ ನಮ್ಮ ಅಮ್ಮನಿಗೆ ಫೋನ್ ಮಾಡಿದ.

ತಾಯತ ಆಯಿತು, ನಿಂಬೆಹಣ್ಣು ಆಯಿತು. ನಿದ್ದೆ ಪೂರ್ತಿ ಹೋಯಿತು, ಊಟವೂ ಹೋಯಿತು. ಕೊನೆಗೆ ಹೊಸೂರಿಗೂ ಕೃಷ್ಣಗಿರಿಗೂ ನಡುವೆ ಹೆದ್ದಾರಿಯ ಅಂಚಿನಲ್ಲಿರುವ ಒಂದು ಆಸ್ಪತ್ರೆಗೆ ಸೇರಿಸಿದೆವು. ಸ್ಕಿಜೋಫ್ರೇನಿಯಾ ಎಂದು ಬರೆದರು. ಹೆಂಗಸರ ವಾರ್ಡಿನಲ್ಲಿ ಪ್ರತಿ ರೋಗಿಯ ಜೊತೆ ಮನೆಯ ಒಬ್ಬ ಹೆಂಗಸು ಇರಲೇಬೇಕು ಎಂಬುದು ಅಲ್ಲಿನ ನಿಯಮ. ಅಮ್ಮನಿಗೆ ಮಂಡಿನೋವು, ನೆಲದ ಮೇಲೆ ಮಲಗಿದರೆ ಏಳುವುದಕ್ಕೆ ಇಬ್ಬರು ಬೇಕು. ಹಾಗಾಗಿ ನಾನು ಹೋದೆ. ನಾನು ಬಿ.ಎಸ್ಸಿ. ಓದಿ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಸೆಕ್ಷನ್ನಿನಲ್ಲಿದ್ದೇನೆ. ರಜೆ ಬರೆದುಕೊಟ್ಟು, ಚಾಪೆ, ಫ್ಲಾಸ್ಕು, ಚಾರ್ಜರು ತೆಗೆದುಕೊಂಡು ಚಿಕ್ಕಮ್ಮನ ಮಂಚದ ಕೆಳಗೆ ಸಂಸಾರ ಹೂಡಿದೆ.

ಡಾಕ್ಟರಮ್ಮ ಮಧುರೆ ಕಡೆಯವರು, ತಮಿಳು ಬಿಟ್ಟರೆ ಇಂಗ್ಲಿಷು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅವರಿಗೆ ಕೇಳಿಸುವುದು ಸುಳ್ಳಲ್ಲ, ನಾಟಕವೂ ಅಲ್ಲ. ಈಗ ನನ್ನ ಮಾತು ನಿಮಗೆ ಹೇಗೆ ಕೇಳಿಸುತ್ತಿದೆಯೋ ಹಾಗೇ ಕೇಳಿಸುತ್ತದೆ. 'ಏನೂ ಇಲ್ಲ ಸುಮ್ಮನಿರು' ಅಂತ ಗದರಬೇಡಿ. ನಾನು ಮಾತಾಡುತ್ತಿರುವಾಗ ಯಾರಾದರೂ ಬಂದು 'ಡಾಕ್ಟರು ಇಲ್ಲಿ ಇಲ್ಲವೇ ಇಲ್ಲ' ಅಂದರೆ ನೀವು ಒಪ್ಪುತ್ತೀರಾ?" ಒಪ್ಪುವುದಿಲ್ಲ ಎಂದೆ.

ತಮಿಳುನಾಡಿನ ಗಡಿಯೊಳಗಿನ ನಮ್ಮ ಕಡೆ ಮೂರು ಭಾಷೆ ಇರುವುದು ಎಲ್ಲರಿಗೂ ಗೊತ್ತು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಆಫೀಸಿನ ಮುಂದೆ ನಿಂತರೆ ತಮಿಳು. ಯಾರೂ ಹೇಳಿಕೊಟ್ಟಿದ್ದಲ್ಲ, ಚಪ್ಪಲಿ ಬಿಡುವ ಜಾಗ ಗೊತ್ತಿರುವ ಹಾಗೆ ಗೊತ್ತು. ಚಿಕ್ಕಮ್ಮನ ತಲೆಯೊಳಗಿನ ಜನರೂ ಈ ಪದ್ಧತಿಯನ್ನು ಬಿಟ್ಟಿರಲಿಲ್ಲ. ತಾಲೂಕಾಫೀಸಿನವನು ತಮಿಳಿನಲ್ಲಿ ಆರ್ಡರು ಮಾಡುತ್ತಿದ್ದ. ಏಳು, ಕೂತ್ಕೋ, ಬಾಗಿಲು ಹಾಕು, ಕತ್ತರಿಸು. ತೆಲುಗಿನವರು ಇಬ್ಬರು ಹೆಂಗಸರು, ಅವರಿಗೆ ಚಿಕ್ಕಮ್ಮನೇ ಕೊಳಾಯಿಯವರು ಎಂದು ಹೆಸರಿಟ್ಟಿದ್ದಳು. ಕೊಳಾಯಿ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತವರ ಹಾಗೆ ಒಬ್ಬರಿಗೊಬ್ಬರು ಚಿಕ್ಕಮ್ಮನ ವಿಷಯವನ್ನೇ ಮಾತಾಡುತ್ತಿದ್ದರು, ಅವಳನ್ನು ಮಾತ್ರ ನೇರವಾಗಿ ಒಂದು ಮಾತೂ ಕೇಳುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಕೆಲಸವೇ ದೋಷ ಎಣಿಸುವುದು. ಯಾವ ಗಂಟೆಗೆ, ಯಾವ ಯಂತ್ರದಲ್ಲಿ, ಯಾವ ತರಹದ ದೋಷ, ಏನು ಕ್ರಮ ಕೈಗೊಂಡಿರಿ ಎಂದು ಚಾರ್ಟು ತುಂಬಬೇಕು. ಎರಡನೆಯ ದಿನ ಬೇಸರ ತಡೆಯಲಾರದೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಸಮಯ, ತಮಿಳು, ತೆಲುಗು, ಏನು ಹೇಳಿದರು, ಚಿಕ್ಕಮ್ಮ ಕೇಳಿದಳೋ ಬಿಟ್ಟಳೋ. ಚಿಕ್ಕಮ್ಮನಿಗೆ ಇದು ಬಹಳ ಹಿಡಿಸಿತು. ಅಷ್ಟು ದಿನ ಎಲ್ಲರೂ ಅವಳ ಬಾಯಿ ಮುಚ್ಚಿಸಿದ್ದರು, ಈಗ ಒಬ್ಬಳು ಪೆನ್ನು ಹಿಡಿದು ಕೂತಿದ್ದಾಳೆ.

"ಬರ್ಕೊಳ್ಳೇ. ಹತ್ತೂವರೆ. ಕೊಳಾಯಿಯವ್ರು. ನಾನು ಮೂರನೇ ಇಡ್ಲಿ ಹಾಕುಸ್ಕೊಂಡಿದ್ಕೆ ಆಡ್ಕಂಡ್ರು."

"ಏನಂತ?"

"ಇಡ್ಲಿ ಹೆಂಗೆ ನುಂಗ್ತಾಳೆ ನೋಡು ಅಂತ. ಅವ್ರ ಅಪ್ಪನ ಮನೆ ಇಡ್ಲಿ."

"ಬಿಟ್ಟೆಯಾ, ತಿಂದೆಯಾ?"

"ತಿಂದೆ. ನಾಲ್ಕನೇದೂ ತಿಂದೆ. ಅದ್ನೂ ಬರ್ಕೋ."

ಪಕ್ಕದ ಮಂಚದಲ್ಲಿ ಒಬ್ಬರು ಟೀಚರಮ್ಮ ಇದ್ದರು. ನಿವೃತ್ತರಾದವರು. ತಳಿ ಎಂಬ ಊರಿನ ಕಡೆಯ ಶಾಲೆಗಳಲ್ಲಿ ಇದ್ದು ಪಠ್ಯಪುಸ್ತಕದಿಂದಲೇ ಕನ್ನಡ ಕಲಿತ ತಮಿಳರು, ಪಠ್ಯಪುಸ್ತಕದ ಹಾಗೆಯೇ ಮಾತಾಡುವರು. ಇಪ್ಪತ್ತು ವರ್ಷದಿಂದ ಅವರಿಗೆ ಒಂದು ಗಂಡುದನಿ ಕೇಳುತ್ತದಂತೆ. ಬೈಯುವುದಿಲ್ಲ, ಹೊಗಳುವುದಿಲ್ಲ, ಕ್ರಿಕೆಟ್ ಕಾಮೆಂಟರಿಯವನ ಹಾಗೆ ಅವರು ಮಾಡಿದ್ದನ್ನೆಲ್ಲ ಹೇಳುತ್ತಾ ಹೋಗುತ್ತದೆ. ಈಗ ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ಈಗ ಕನ್ನಡಕ ಹುಡುಕುತ್ತಿದ್ದಾಳೆ.

"ಅದರಿಂದ ಒಂದು ಪ್ರಯೋಜನ ಉಂಟು ಮಗಳೇ," ಎಂದರು. "ಕನ್ನಡಕವನ್ನು ಎಲ್ಲಿ ಇಟ್ಟೆನೆಂದು ಅವನನ್ನೇ ಕೇಳಬಹುದು. ಆದರೆ ಅವನು ಹೇಳುವುದಿಲ್ಲ."

ಚಿಕ್ಕಮ್ಮ ಕನಿಕರದಿಂದ, "ಒಬ್ನೇನಾ ಟೀಚರಮ್ಮ? ನಂಗೆ ಮೂರು ಜನ," ಎಂದಳು. ಟೀಚರಮ್ಮನಿಗೆ ಸ್ವಲ್ಪ ಅವಮಾನವಾದಂತೆ ಕಂಡಿತು. ತಮಗೂ ಒಂದು ಚಾರ್ಟು ಬೇಕು ಎಂದರು. ಗೆರೆ ಎಳೆದುಕೊಟ್ಟೆ. ಸಂಜೆಯೊಳಗೆ ಹನ್ನೊಂದು ಪುಟ ತುಂಬಿಸಿ, ಅಂಚಿಗೆ ಸ್ಕೇಲಿನಿಂದ ಗೆರೆ ಹಾಕಿ, ಕೊನೆಯಲ್ಲಿ ಸಹಿ ಮಾಡಿ ಕೊಟ್ಟರು.

ದನಿಗಳ ಜೊತೆ ಹೇಗೆ ಬಾಳಬೇಕು ಎಂಬುದರಲ್ಲಿ ಟೀಚರಮ್ಮ ನಿಜಕ್ಕೂ ಟೀಚರು. ಅವರು ಚಿಕ್ಕಮ್ಮನಿಗೆ ಒಂದು ಪಾಠ ಮಾಡಿದರು: "ಹಿಂದಿನಿಂದ ಯಾರು ಕೂಗಿದರೂ ತಿರುಗಬೇಡ. ನಿಜವಾದ ಮನುಷ್ಯರಾದರೆ ಮುಂದೆ ಬಂದು ಮುಖ ತೋರಿಸುತ್ತಾರೆ. ಮುಖ ಕಂಡರೆ ಉತ್ತರ ಕೊಡು." ಇದನ್ನು ಅಭ್ಯಾಸವೂ ಮಾಡಿಸಿದರು. ಚಿಕ್ಕಮ್ಮ ಗೋಡೆ ಕಡೆ ಮುಖ ಮಾಡಿ ಕೂರುವುದು, ನಾನೂ ಟೀಚರಮ್ಮನೂ ಹಿಂದಿನಿಂದ ಸರದಿಯ ಮೇಲೆ ಕರೆಯುವುದು. ಮೊದಲ ದಿನ ಹತ್ತು ಸಲಕ್ಕೆ ಹತ್ತು ಸಲವೂ ತಿರುಗಿದಳು. ನಾಲ್ಕನೆಯ ದಿನ ಒಂದು ಸಲವೂ ತಿರುಗಲಿಲ್ಲ. ಟೀಚರಮ್ಮ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಇನ್ನೊಂದು ಉಪಾಯ ನನ್ನದು. ಚಿಕ್ಕಮ್ಮ ವರಾಂಡದಲ್ಲಿ ನಡೆಯುವಾಗ ದನಿಗಳಿಗೆ ಎದುರುತ್ತರ ಕೊಟ್ಟರೆ ಬೇರೆ ವಾರ್ಡಿನ ಜನ ನಿಂತು ನೋಡುತ್ತಿದ್ದರು. ಅದು ಅವಳಿಗೆ ನಾಚಿಕೆ. ಸಿಮ್ ತೆಗೆದ ನನ್ನ ಹಳೆಯ ಮೊಬೈಲು ಕೊಟ್ಟು, ಮಾತಾಡಬೇಕೆನಿಸಿದಾಗ ಇದನ್ನು ಕಿವಿಗೆ ಇಟ್ಟುಕೋ ಎಂದೆ. ಅವತ್ತಿನಿಂದ ಯಾರೂ ತಿರುಗಿ ನೋಡಲಿಲ್ಲ. ಚಿಕ್ಕಮ್ಮ ಕಿವಿಗೆ ಫೋನು ಒತ್ತಿಕೊಂಡು, ಕೈ ಬೀಸಿ ಬೀಸಿ ಕೊಳಾಯಿಯವರಿಗೆ ತೆಲುಗಿನಲ್ಲಿ ಝಾಡಿಸುತ್ತಾ ವರಾಂಡದ ಈ ತುದಿಯಿಂದ ಆ ತುದಿಗೆ ಓಡಾಡುವಳು. ನೋಡಿದವರು, ಪಾಪ ನಾದಿನಿ ಜೊತೆ ಜಗಳ ಎಂದುಕೊಂಡು ದಾರಿ ಬಿಡುವರು.

ಮಾತ್ರೆ ಹತ್ತುತ್ತಾ ಬಂತು. ಮೊದಲು ತಾಲೂಕಾಫೀಸಿನವನು ರಜೆ ಹಾಕಿದ. ಒಂಬತ್ತನೆಯ ದಿನಕ್ಕೆ ಕೊಳಾಯಿಯವರೂ ನೀರು ಹಿಡಿದುಕೊಂಡು ಹೊರಟುಹೋದರು. ನನ್ನ ಚಾರ್ಟಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಕಾರ್ಖಾನೆಯಲ್ಲಿ ಇಂಥ ಚಾರ್ಟು ಬಂದರೆ ಫೋಟೋ ತೆಗೆದು ಗೋಡೆಗೆ ಹಾಕುತ್ತಾರೆ.

ಆ ಸೊನ್ನೆಗಳ ದಿನಗಳಲ್ಲೇ ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಚಿಕ್ಕಮ್ಮ, "ಅವ್ವ ಬಂದಿದ್ಲು ಕಣೇ," ಎಂದಳು.

"ಏನಂದ್ಲು ಅಜ್ಜಿ?"

"ಎಷ್ಟು ದಿನ ಅಂತ ಇಲ್ಲಿರ್ತೀಯಾ, ಮನೆಗೆ ಬಾ ಅಂದ್ಲು."

"ಅಜ್ಜಿಗೂ ನಿನ್ನ ಬಿಟ್ಟಿರಕಾಗಲ್ಲ," ಎಂದು ನಾನು ಜಡೆ ಹೆಣೆದು ಮುಗಿಸಿದೆ.

ಪೆನ್ನು ಪಕ್ಕದಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಯಾಕೆಂದು ಈಗ ನೂರು ಸಲ ಕೇಳಿಕೊಂಡಿದ್ದೇನೆ, ಉತ್ತರ ಬಹಳ ಸುಲಭ. ನಮ್ಮ ಮನೆಯಲ್ಲಿ ಸತ್ತವರು ಬರುವುದು, ಮಾತಾಡುವುದು ಕಾಯಿಲೆಯಲ್ಲ. ಪಿತೃಪಕ್ಷದಲ್ಲಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಅಜ್ಜಿ ಊಟ ಮಾಡುವಷ್ಟು ಹೊತ್ತು ನಾವೆಲ್ಲ ಹೊರಗೆ ಜಗುಲಿಯ ಮೇಲೆ ಕೂತಿರುತ್ತೇವೆ. ಬಾಗಿಲು ತೆಗೆದ ಮೇಲೆ ಅಮ್ಮ ಎಡೆಯ ಮುಂದೆ ನಿಂತು, "ಉಪ್ಪು ಸರಿಯಾಗಿತ್ತೇನವ್ವ?" ಎಂದು ಕೇಳುತ್ತಾಳೆ. ಒಂದು ಕ್ಷಣ ಬಿಟ್ಟು ನಮ್ಮ ಕಡೆ ತಿರುಗಿ, "ಕಮ್ಮಿ ಅಂತಾಳೆ," ಎನ್ನುತ್ತಾಳೆ. ನಾವು ಉಪ್ಪು ಹಾಕಿಕೊಂಡು ಊಟ ಮಾಡುತ್ತೇವೆ. ಅಮ್ಮನನ್ನು ಯಾರೂ ಆಸ್ಪತ್ರೆಗೆ ಸೇರಿಸಿಲ್ಲ.

ಹದಿಮೂರನೆಯ ದಿನ ಡಾಕ್ಟರಮ್ಮ ಮಂಚದ ಹತ್ತಿರ ಬಂದು ಚಿಕ್ಕಮ್ಮನನ್ನು ತಮಿಳಿನಲ್ಲಿ ಕೇಳಿದರು, ಈಗ ಏನಾದರೂ ದನಿ ಕೇಳುತ್ತದೆಯೇ ಎಂದು. ಚಿಕ್ಕಮ್ಮ ತಮಿಳಿನಲ್ಲೇ, ಇಲ್ಲ ಎಂದಳು. ಸುಳ್ಳು ಹೇಳಲಿಲ್ಲ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಚಾರ್ಟು ತೋರಿಸಿದೆ. ಅವರು ಸೊನ್ನೆಗಳ ಮೇಲೆ ಬೆರಳಾಡಿಸಿ, ಇಷ್ಟು ಚೆನ್ನಾಗಿ ಬರೆದವರನ್ನು ತಾವು ನೋಡಿಯೇ ಇಲ್ಲ ಎಂದರು. ನಾಳೆಯಿಂದ ಬೆಳಿಗ್ಗೆ ಅರ್ಧ ಗಂಟೆ ಹೊರಗೆ ಅಂಗಳದಲ್ಲಿ ಓಡಾಡಿಸಿ, ನೀವು ಜೊತೆಗಿರಿ ಎಂದು ಬರೆದುಕೊಟ್ಟರು. ನನಗೆ ನಾಚಿಕೆಯಾಗುವಷ್ಟು ಹೆಮ್ಮೆಯಾಯಿತು.

ಅಂಗಳದಲ್ಲಿ ಒಂದು ಹೊಂಗೆಮರ, ಅದರ ಕೆಳಗೆ ಕಲ್ಲುಬೆಂಚು. ಮೂರು ದಿನ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ದಿನ ನರ್ಸಮ್ಮ ಮಾತ್ರೆಯ ಚೀಟಿ ಕೊಟ್ಟು, ಔಷಧಿ ಕೌಂಟರಿನಲ್ಲಿ ತೆಗೆದುಕೊಂಡು ಬಾ ಎಂದರು. ಕೌಂಟರು ಬೆಂಚಿನಿಂದ ಇಪ್ಪತ್ತು ಹೆಜ್ಜೆ. ಮುಂದೆ ಮೂರು ಜನ ಇದ್ದರು. ಮೊದಲನೆಯವರ ನಂತರ ತಿರುಗಿ ನೋಡಿದೆ, ಚಿಕ್ಕಮ್ಮ ಬೆಂಚಿನ ಮೇಲೆ ಫೋನು ಹಿಡಿದು ಕೂತಿದ್ದಳು. ಎರಡನೆಯವರ ನಂತರವೂ ಕೂತಿದ್ದಳು. ಮೂರನೆಯವರು ಚಿಲ್ಲರೆಗೆ ಜಗಳ ತೆಗೆದರು. ಅದು ಮುಗಿಯುವ ಹೊತ್ತಿಗೆ ಬೆಂಚು ಖಾಲಿ.

ಗೇಟಿಗೆ ಓಡಿದೆ. ವಾಚ್‌ಮನ್ ತಾತ ಬೀಡಿ ಆರಿಸಿ, ತಮಿಳಿನಲ್ಲಿ ಬಹಳ ಸಮಾಧಾನವಾಗಿ ಹೇಳಿದ: "ಅವರಾ? ಅವರ ಅಮ್ಮ ಫೋನ್ ಮಾಡಿದ್ದರು. ಬಂದೆ, ಬಂದೆ ಅಂತ ಹೇಳ್ತಾ ಹೋದರು. ಆಚೆ ಕಡೆ ಬಸ್‌ಸ್ಟಾಪಿನಲ್ಲಿ ಕಾಯ್ತಿದ್ದಾರೇನೋ ಅವರಮ್ಮ."

ಜಡೆ ಹೆಣೆದ ಬೆಳಿಗ್ಗೆ ನನ್ನ ಕಣ್ಣ ಮುಂದೆ ಬಂತು. ಚಾರ್ಟಿನಲ್ಲಿ ಎರಡೇ ಭಾಷೆಗೆ ಜಾಗ ಬಿಟ್ಟಿದ್ದೆ. ಮೂರನೆಯ ಭಾಷೆಗೆ ಗೆರೆಯನ್ನೇ ಎಳೆದಿರಲಿಲ್ಲ.

ಬೆಳಿಗ್ಗೆ ಹತ್ತು ಗಂಟೆಯ ಹೆದ್ದಾರಿ. ಈ ಕಡೆ ಮೂರು ಸಾಲು ವಾಹನ ಬೆಂಗಳೂರಿನ ಕಡೆಗೆ, ಆ ಕಡೆ ಮೂರು ಸಾಲು ಕೃಷ್ಣಗಿರಿಯ ಕಡೆಗೆ, ನಡುವೆ ಕಣಗಿಲೆ ಗಿಡ ನೆಟ್ಟ ಕಟ್ಟೆ. ಆ ಕಣಗಿಲೆಯ ನಡುವೆ ಚಿಕ್ಕಮ್ಮ ನಿಂತಿದ್ದಳು. ನನಗೆ ಬೆನ್ನು, ಕಿವಿಗೆ ಫೋನು. ಒಂದು ಕಾಲು ಕಟ್ಟೆಯ ಅಂಚಿನ ಮೇಲೆ, ಇನ್ನೊಂದು ಹೆಜ್ಜೆ ಇಟ್ಟರೆ ಆಚೆಯ ರಸ್ತೆ.

"ಚಿಕ್ಕಮ್ಮ," ಎಂದು ಕೂಗಿದೆ. ನನ್ನ ಗಂಟಲು ಅಷ್ಟು ದೊಡ್ಡದಾಗಿ ತೆರೆದುಕೊಳ್ಳುತ್ತದೆಂದು ನನಗೇ ಗೊತ್ತಿರಲಿಲ್ಲ. ಒಬ್ಬ ಬೈಕಿನವನು ತಿರುಗಿದ. ಎದುರು ಟೀ ಅಂಗಡಿಯವನೂ ತಿರುಗಿದ. ಚಿಕ್ಕಮ್ಮ ತಿರುಗಲಿಲ್ಲ. ಮತ್ತೆ ಕೂಗಿದೆ. ಅವಳ ಭುಜ ಒಂದಿಷ್ಟು ಬಿಗಿಯಾದದ್ದು ಕಾಣಿಸಿತು. ಕೇಳಿಸಿದೆ, ಆದರೆ ತಿರುಗುತ್ತಿಲ್ಲ. ಹತ್ತಕ್ಕೆ ಹತ್ತು ಅಂಕ. ನಾವೇ ಚಪ್ಪಾಳೆ ತಟ್ಟಿ ಕಲಿಸಿದ ಪಾಠ.

ಮುಖ ತೋರಿಸಬೇಕಾದರೆ ನಾನು ದಾಟಬೇಕು. ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಒಂದು ಕಾರು ಹೋಯಿತು, ಒಂದು ಬಸ್ಸು ಹೋಯಿತು, ಜಾಗ ಕಂಡಿತು, ಓಡಿದೆ. ಎರಡನೆಯ ಸಾಲು ದಾಟಿ ಮೂರನೆಯ ಸಾಲಿಗೆ ಕಾಲಿಟ್ಟೆ, ಎದುರಿಗೆ ಆ ಲಾರಿ. ಬ್ರೇಕಿನ ಗಾಳಿ ಬಿಟ್ಟ ಸದ್ದು, ಸುಟ್ಟ ರಬ್ಬರಿನ ವಾಸನೆ, ಕಣ್ಣಿಗೆ ಅಡ್ಡವಾಗಿ ತೂಗುತ್ತಿದ್ದ ಮೆಣಸಿನಕಾಯಿಗಳು. ನಾನು ಎಣಿಸಿದೆ. ಸಾಯುವ ಮುಂಚೆ ಮನುಷ್ಯರಿಗೆ ಬಾಳೆಲ್ಲ ಕಣ್ಣ ಮುಂದೆ ಬರುತ್ತದೆ ಎನ್ನುತ್ತಾರೆ. ಕ್ವಾಲಿಟಿ ಸೆಕ್ಷನ್ನಿನವರಿಗೆ ಹಾಗಾಗುವುದಿಲ್ಲ.

ಲಾರಿಯನ್ನು ಸುತ್ತಿ ಕಟ್ಟೆ ಹತ್ತಿ, ಗಿಡಗಳ ನಡುವೆ ತೂರಿ, ಚಿಕ್ಕಮ್ಮನ ಎದುರಿಗೆ ನನ್ನ ಮುಖ ಹಿಡಿದೆ. ಅವಳು ಒಂದು ಕ್ಷಣ ಪರೀಕ್ಷಿಸಿದಳು. ಆಮೇಲೆ ಫೋನು ಕೆಳಗಿಳಿಸಿ ಬಹಳ ಸಹಜವಾಗಿ, "ನೀನ್ಯಾಕೆ ಬರಕ್ಕೋದೆ? ಹಿಂಗಾ ರೋಡು ದಾಟೋದು?" ಎಂದಳು.

ನಾನು ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡೆ. ಅಲ್ಲೇ ಮಣ್ಣಿನಲ್ಲಿ ಕೂತೆ. ಅವಳೂ ಪಕ್ಕದಲ್ಲಿ ಕೂತಳು.

"ನೀನು ಹೆಂಗೆ ದಾಟಿದೆ?" ಎಂದು ಕೇಳಿದೆ.

"ಅವ್ವ ಹೇಳ್ತಿದ್ಲಲ್ಲ. ತಡಿ, ತಡಿ, ಈಗ ಬಾ ಅಂತ. ಅವಳು ಹೇಳ್ದಂಗೇ ಬಂದೆ. ಇಲ್ಲಿಗೆ ಬಂದ್ಮೇಲೆ, ಇನ್ನು ಆ ಕಡೆ ಈ ಕಡೆ ನೋಡಬ್ಯಾಡ, ಸುಮ್ನೆ ಇಳಿದು ಬಂದ್ಬುಡು ಅಂದ್ಲು."

"ಮತ್ತೆ?"

ಚಿಕ್ಕಮ್ಮ ಕಣಗಿಲೆಯ ಒಂದು ಎಲೆ ಹರಿದು ಮಡಿಸಿದಳು. "ನಿಂತ್ಕೊಂಡು ಯೋಚ್ನೆ ಮಾಡ್ತಿದ್ದೆ. ನಮ್ಮವ್ವ ಯಾವತ್ತಾದ್ರೂ ನೋಡ್ದೆ ರೋಡು ದಾಟು ಅಂದವ್ಳಾ? ಜೂಜುವಾಡೀಲಿ ಬಸ್ಸಿಳಿದ್ರೆ ನನ್ನ ಕೈ ಹಿಡ್ಕೊಂಡು ಮುಕ್ಕಾಲು ಗಂಟೆ ನಿಂತಿರೋಳು. ಒಂದ್ಸಲ ದಾಟಕಾಗ್ದೆ, ಬಂದ ಕೆಲ್ಸ ಬಿಟ್ಟು ಅದೇ ಕಡೆ ಬಸ್ಸತ್ತಿ ಕೆಲಮಂಗಲದಲ್ಲಿರೋ ನಮ್ಮತ್ತೆ ಮನೆಗೆ ಹೋಗ್ಬುಟ್ಲು. ಇವಳ್ಯಾಕೆ ಹಿಂಗಂತಾಳೆ ಅಂತ ಅನುಮಾನ ಬಂತು. ಅಷ್ಟ್ರಲ್ಲಿ ಹಿಂದಿನಿಂದ ನೀನು ಬೇರೆ ಕೂಗಿದೆ. ಅದು ನೀನೋ ಅವ್ರೋ ಗೊತ್ತಾಗ್ಲಿಲ್ಲ."

ಅಂದರೆ ನಾನು ಬರದಿದ್ದರೂ ಅವಳು ಇಳಿಯುತ್ತಿರಲಿಲ್ಲವೇನೋ. ಇಳಿಯುತ್ತಿದ್ದಳೇನೋ. ಇದು ನನಗೆ ಇವತ್ತಿಗೂ ಗೊತ್ತಿಲ್ಲ.

ಲಾರಿಯ ಡ್ರೈವರು ಇಳಿದು ಬಂದ. ಸೇಲಂ ಕಡೆಯವನು. ಮೊದಲು ಐದು ನಿಮಿಷ ನಮ್ಮ ವಂಶವನ್ನೆಲ್ಲ ಬೈದ. ಆಮೇಲೆ ಹಿಂದಿನ ಆಸ್ಪತ್ರೆಯ ಬೋರ್ಡು ನೋಡಿ ದನಿ ತಗ್ಗಿಸಿ, "ಯಾರು ಪೇಷಂಟು?" ಎಂದು ಕೇಳಿದ. ನಾನು ಗಡಗಡ ನಡುಗುತ್ತಾ ಮಣ್ಣಿನಲ್ಲಿ ಕೂತಿದ್ದೆ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, ಕನಿಕರದ ಮುಖ ಮಾಡಿ, ನನ್ನ ಕಡೆ ಬೆರಳು ತೋರಿಸಿದಳು. ಅವನು ತಲೆಯಾಡಿಸಿ, ಕ್ಲೀನರಿಗೆ ಹೇಳಿ ನೀರು ತರಿಸಿ ನನಗೆ ಕುಡಿಸಿದ. ಹೆಗಲ ಮೇಲಿನ ಟವೆಲ್ಲು ಬೀಸಿ ವಾಹನ ನಿಲ್ಲಿಸಿ ನಮ್ಮನ್ನು ದಾಟಿಸಿದ. ದಾಟಿಸುವಾಗ ಚಿಕ್ಕಮ್ಮನಿಗೆ, "ಜೋಪಾನಮ್ಮ, ಕೈ ಬಿಡಬೇಡಿ," ಎಂದ. ಅವಳು ಬಿಡಲಿಲ್ಲ.

ಅಂದು ಮಧ್ಯಾಹ್ನ ಡಾಕ್ಟರಮ್ಮನ ಮುಂದೆ ಕೂತೆವು. ಅಜ್ಜಿಯ ವಿಷಯ ನನಗೆ ವಾರದ ಹಿಂದೆಯೇ ಗೊತ್ತಿತ್ತು, ಚಾರ್ಟಿನಲ್ಲಿ ಬರೆಯಲಿಲ್ಲ ಎಂದು ಹೇಳಿದೆ. ಎಡೆ, ಬಾಗಿಲು, ಉಪ್ಪು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನಿನ ಕ್ಯಾಪನ್ನು ತೆಗೆಯುತ್ತಾ ಹಾಕುತ್ತಾ, "ದನಿ ಕೇಳುತ್ತಾ ಅಂತ ಕೇಳಿದೆ. ಅಮ್ಮ ಬರ್ತಾರಾ ಅಂತ ನಾನು ಕೇಳಲೇ ಇಲ್ಲ," ಎಂದರು. ಮರುದಿನದಿಂದ ವಾರ್ಡಿನಲ್ಲಿ ಎಲ್ಲರನ್ನೂ ಹಾಗೆಯೇ ಕೇಳತೊಡಗಿದರು, ನಿಮ್ಮ ಮನೆಯವರು ಯಾರಾದರೂ ಬಂದು ಹೋಗುತ್ತಾರಾ ಎಂದು. ಟೀಚರಮ್ಮ ಕನ್ನಡಕ ಒರೆಸಿಕೊಂಡು, ತಮ್ಮ ದಿವಂಗತ ಪತಿ ದಿನಾ ನಾಲ್ಕು ಗಂಟೆಗೆ ಬಂದು ಕಾಫಿ ಕೇಳುತ್ತಾರೆ ಎಂದು ತಿಳಿಸಿದರು. ಹನ್ನೊಂದು ಪುಟದ ಚಾರ್ಟಿನಲ್ಲಿ ಅವರ ಸುಳಿವೇ ಇರಲಿಲ್ಲ.

ಆದರೆ ಆ ಮಧ್ಯಾಹ್ನ ಚಿಕ್ಕಮ್ಮನಿಗೆ ಬೇರೆಯದೇ ಚಿಂತೆ. ಮಾತ್ರೆ ಹೆಚ್ಚಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದನ್ನು ಕೇಳಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಜಾಸ್ತಿ ಮಾಡುದ್ರೆ ಅವ್ವನೂ ಹೋಗ್ಬುಡ್ತಾಳಾ?"

ಇದನ್ನು ತಮಿಳಿಗೆ ತರುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಡಾಕ್ಟರಮ್ಮ, "ಹೋಗಬಹುದು," ಎಂದರು.

"ಹಂಗಾದ್ರೆ ನಾಳೆಯಿಂದ ಜಾಸ್ತಿ ಮಾಡ್ಲಿ. ಇವತ್ತೊಂದಿನ ಬ್ಯಾಡ ಅಂತ ಹೇಳೇ."

ಡಾಕ್ಟರಮ್ಮ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ವಾರ್ಡಿನ ಬಾಗಿಲಿಗೆ ಬೀಗ ಹಾಕಿರಬೇಕು, ನಾನು ಕೈಯಳತೆಯಲ್ಲೇ ಇರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ನನಗೆ ಒಪ್ಪಿಗೆಯಿರಲಿಲ್ಲ. ಆ ದನಿಯನ್ನು ಅರ್ಧ ಗಂಟೆಯೂ ಇಟ್ಟುಕೊಳ್ಳುವುದು ನನಗೆ ಬೇಕಿರಲಿಲ್ಲ. ಲಾರಿಯ ಮುಂದೆ ನಿಂತವಳು ನಾನು. ಆದರೆ ಅವ್ವ ಅವಳವಳು.

ಸಂಜೆಯವರೆಗೂ ಚಿಕ್ಕಮ್ಮ ಮಂಚದ ಮೇಲೆ ಮಂಡಿ ಮಡಿಸಿ ಕೂತು ಫೋನು ಕಿವಿಗಿಟ್ಟುಕೊಂಡು ಅವ್ವನ ಜೊತೆ ಮಾತಾಡಿದಳು. ನಾನು ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೆಳಗೆ ಕೂತಿದ್ದೆ. ಏನೂ ಬರೆದುಕೊಳ್ಳಲಿಲ್ಲ. ಗುಲಾಬಿ ತೋಟದ ವಿಷಯ ಹೇಳಿದಳು, ಅಮ್ಮನ ಮಂಡಿನೋವಿನ ವಿಷಯ ಹೇಳಿದಳು, ನನಗೆ ಇನ್ನೂ ಗಂಡು ಸಿಕ್ಕಿಲ್ಲ ಎಂದೂ ದೂರಿದಳು. ಕೊನೆಗೆ ದನಿ ತಗ್ಗಿಸಿ, "ನೀನು ನಮ್ಮವ್ವನೇ ಆಗಿದ್ರೆ ಬೇಜಾರು ಮಾಡ್ಕೋಬ್ಯಾಡ. ಅಲ್ದಿದ್ರೆ ನಡಿ," ಎಂದಳು.

ಮರುದಿನ ಬೆಳಿಗ್ಗೆ ನರ್ಸಮ್ಮ ಬರುವ ಮುಂಚೆಯೇ ಲೋಟದಲ್ಲಿ ನೀರು ತುಂಬಿಸಿಕೊಂಡು ಕೂತಿದ್ದಳು. ಮಾತ್ರೆ ನುಂಗಿ, ನಾಲಗೆ ಎತ್ತಿ ತೋರಿಸಿದಳು. ಎರಡು ವಾರದ ಮೇಲೆ ಮನೆಗೆ ಬಂದೆವು. ಅಜ್ಜಿ ಆಮೇಲೆ ಬಂದಿಲ್ಲವಂತೆ. ಒಮ್ಮೊಮ್ಮೆ ಬಾಗಿಲ ಆಚೆ ಯಾರೋ ಕೆಮ್ಮಿದಂತಾಗುತ್ತದೆ, ಅಷ್ಟೇ ಎನ್ನುತ್ತಾಳೆ. ಅದನ್ನೂ ಡಾಕ್ಟರಮ್ಮನಿಗೆ ಹೇಳಿದ್ದಾಳೆ. ಈಗ ಅರ್ಧ ದಿನ ತೋಟಕ್ಕೆ ಹೋಗುತ್ತಾಳೆ. ಈ ಸಲದ ಎಡೆಯ ದಿನ ಅಮ್ಮ ಉಪ್ಪಿನ ವಿಷಯ ಕೇಳಿ ನಮ್ಮ ಕಡೆ ತಿರುಗಿದಳು. ಚಿಕ್ಕಮ್ಮನೇ ಸಾರು ರುಚಿ ನೋಡಿ, "ಸರಿಯಾಗೈತೆ, ಬಡಿಸಕ್ಕ," ಎಂದಳು.

ನಾನು ಕೆಲಸಕ್ಕೆ ಮರಳಿದೆ. ನಮ್ಮ ಕಾರ್ಖಾನೆಯ ಹಿಂಬದಿಯಲ್ಲಿ ಸರಕು ತುಂಬುವ ಜಾಗವಿದೆ. ಅಲ್ಲಿ ಲಾರಿ ನಿಂತಾಗಲೆಲ್ಲ ಬ್ರೇಕಿನ ಗಾಳಿ ಬಿಟ್ಟ ಸದ್ದು ಬರುತ್ತದೆ. ಆಗ ನನ್ನ ಕೈಯಲ್ಲಿರುವ ಬಿಡಿಭಾಗ ಕೆಳಗೆ ಬೀಳುತ್ತದೆ. ಲಾರಿ ಬರದಿದ್ದಾಗಲೂ ಬೀಳುತ್ತದೆ. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೇನಿದೆ, ಆಗಿ ಮುಗಿದದ್ದು ಎಂದುಕೊಂಡಿದ್ದೆ.

ಹೋದ ತಿಂಗಳು ಚಿಕ್ಕಮ್ಮನನ್ನು ತೋರಿಸುವುದಕ್ಕೆ ಹೋದಾಗ ಡಾಕ್ಟರಮ್ಮ ಎಲ್ಲ ವಿಚಾರಿಸಿ, ಚೀಟಿ ಬರೆದು, ಮುಂದಿನ ಸಲ ಎರಡು ತಿಂಗಳಿಗೆ ಬಂದರೆ ಸಾಕು ಎಂದರು. ನಾನು ಎದ್ದೆ. ಚಿಕ್ಕಮ್ಮ ಏಳಲಿಲ್ಲ. ತನ್ನ ತಮಿಳಿನಲ್ಲಿ, "ಇವಳನ್ನೂ ಒಂದ್ಸಲ ಕೇಳಿ ಡಾಕ್ಟ್ರೇ," ಎಂದಳು.

"ನಂಗೇನಾಗಿದೆ?" ಎಂದೆ.

"ಮೊನ್ನೆ ಕುಕ್ಕರು ಕೂಗಿದ್ಕೆ ತಟ್ಟೆ ಕೆಳಗೆ ಬೀಳುಸ್ದೆ. ಅದಕ್ಕೆ ಮುಂಚೆ ಟೈರಿನಂಗಡೀಲಿ ಗಾಳಿ ಬಿಟ್ಟಿದ್ಕೆ ನೀನು ನನ್ನ ಕೈ ಹಿಡ್ಕೊಂಡಿದ್ದು ಇನ್ನೂ ನೋಯ್ತದೆ. ನಾನು ಹೇಳಿದ್ರೆ ನೀನು ಬರ್ಕೋತಿದ್ದೆ. ನೀನು ಹೇಳ್ದೇ ಇದ್ರೆ ನಾನೇನು ಮಾಡ್ಲಿ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು. ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಆ ಲಾರಿ ಯಾವಾಗ ಬರುತ್ತದೆ ಎಂದು ಕೇಳಿದರು. ಕೆಲಸದಲ್ಲಿರುವಾಗ, ಹಲ್ಲುಜ್ಜುವಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ ಎಂದೆ. ಲಾರಿ ನಿಲ್ಲುತ್ತದೆಯೇ ಎಂದು ಕೇಳಿದರು. ಅಷ್ಟು ನೇರವಾಗಿ ಕೇಳುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ.

ಚಿಕ್ಕಮ್ಮ ಚೀಲ ತೆಗೆದುಕೊಂಡು ಎದ್ದು, "ನಾನು ಆಚೆಗಿರ್ಲಾ?" ಎಂದಳು.

ಬೇಡ, ಇಲ್ಲೇ ಇರು ಎಂದೆ.